ಝ್ಯಾಂಪ್ ವಿಮರ್ಶೆ: ಡೇಟಾಬೇಸ್ ಜೋಡಣೆಯ ತಪ್ಪು ಹುಡುಕಲು ಎಷ್ಟರ ಮಟ್ಟಿಗೆ ನೆರವು?

ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ವೆಬ್ ಸ್ಕ್ರಿಪ್ಟನ್ನು (ಆದೇಶಗಳ ಕಡತ) ಡೇಟಾಬೇಸಿಗೆ (ಮಾಹಿತಿಯ ಸಂಗ್ರಹ) ಜೋಡಿಸುವುದನ್ನು ಸ್ವಂತ ಕಂಪ್ಯೂಟರಿನಲ್ಲೇ ಕಲಿಯಬೇಕೆನ್ನುವವರಿಗೆ ನಮ್ಮ ಕಡೆ ಮೊದಲು ಹೇಳುವ ಹೆಸರು ಝ್ಯಾಂಪ್ (XAMPP) ಎಂಬ ತಂತ್ರಾಂಶದ ಕಟ್ಟು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪ್ರಾಜೆಕ್ಟ್ ಮಾಡುವ ಕಾಲೇಜು ಹುಡುಗರೂ ನವನಗರದಲ್ಲಿ ಒಂದೆರಡು ಕಂಪ್ಯೂಟರ್ ಇಟ್ಟುಕೊಂಡು ಅಂಗಡಿಗಳಿಗೆ ಜಾಲತಾಣ ಮಾಡಿಕೊಡುವವರೂ ಇದನ್ನೇ ಬಳಸುತ್ತಾರೆ. ಆದರೆ ಇದರ ಬಗ್ಗೆ ಕೇಳಿಬರುವ ಹೊಗಳಿಕೆಯೆಲ್ಲ ಇನ್‌ಸ್ಟಾಲ್ ಮಾಡುವುದು ಸುಲಭ ಎಂಬಲ್ಲಿಗೆ ನಿಂತುಬಿಡುತ್ತದೆ. ಇನ್‌ಸ್ಟಾಲ್ ಮಾಡುವುದು ಒಂದು ಹೊತ್ತಿನ ಕೆಲಸ. ಅದಾದ ಮೇಲೆ ಪರದೆಯ ತುಂಬ ಬರುವ ತಪ್ಪಿನ ಸಂದೇಶಗಳನ್ನು ಓದಿ, ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚುವುದೇ ನಿಜವಾದ ಕೆಲಸ. ಆ ಕೆಲಸದಲ್ಲಿ ಝ್ಯಾಂಪ್ ಎಷ್ಟು ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲು ವಸ್ತುವಿನ ಪರಿಚಯ. ಅಪಾಚೆ ಫ್ರೆಂಡ್ಸ್ ಬಳಗವು 2002ರಿಂದ ಉಚಿತವಾಗಿ ಕೊಡುತ್ತ ಬಂದಿರುವ ಈ ಕಟ್ಟಿನಲ್ಲಿ ಅಪಾಚೆ ವೆಬ್ ಸರ್ವರ್, ಮರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ ಮತ್ತು ಪರ್ಲ್ ಭಾಷೆಗಳು ಇವೆ. ಡೇಟಾಬೇಸನ್ನು ಬ್ರೌಸರಿನಲ್ಲೇ ನೋಡಿ ತಿದ್ದಲು ಪಿಎಚ್‌ಪಿಮೈಅಡ್ಮಿನ್ ಜೊತೆಗೇ ಬರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಎಲ್ಲವೂ ಸಿ ಡ್ರೈವಿನ ಒಂದೇ ಫೋಲ್ಡರಿನಲ್ಲಿ ಕೂರುತ್ತದೆ, ಸ್ಕ್ರಿಪ್ಟುಗಳನ್ನು ಅದರೊಳಗಿನ ಎಚ್‌ಟಿಡಾಕ್ಸ್ ಎಂಬ ಫೋಲ್ಡರಿನಲ್ಲಿ ಇಟ್ಟರೆ ಸಾಕು. ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಬೇಕಿಲ್ಲ. ನಾನು ಪರೀಕ್ಷಿಸಿದ್ದು ವಿಂಡೋಸಿಗಾಗಿರುವ 8.2.12 ಆವೃತ್ತಿಯನ್ನು, ಇದರಲ್ಲಿರುವುದು ಪಿಎಚ್‌ಪಿ 8.2. ಪರೀಕ್ಷೆಗೆ ಬಳಸಿದ ಸ್ಕ್ರಿಪ್ಟ್ ಇಳಕಲ್ಲಿನ ಸೀರೆ ಅಂಗಡಿಯೊಂದರ ದಾಸ್ತಾನಿನದು: ಸೀರೆಯ ನಮೂನೆ, ದಡಿ ಚಿಕ್ಕಿಪರಾಸೋ ಗೋಮಿಯೋ, ಮೈ ಹತ್ತಿಯದೋ ರೇಷ್ಮೆಯದೋ, ದರ ಎಷ್ಟು, ಕೊಂಡವರು ಯಾರು ಎಂಬುದನ್ನು ಬರೆದಿಡುವ ಸಾದಾ ಸ್ಕ್ರಿಪ್ಟ್. ಅದರಲ್ಲಿ ಬೇಕೆಂದೇ ತಪ್ಪುಗಳನ್ನು ಸೇರಿಸಿ, ಝ್ಯಾಂಪ್ ಏನು ಹೇಳುತ್ತದೆ ಎಂದು ನೋಡುತ್ತ ಹೋದೆ.

ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಟೋಪ್ ತೆನಿ ಎಂಬ ಕುಣಿಕೆಗಳಿಂದ ಒಂದಕ್ಕೊಂದು ಜೋಡಿಸುತ್ತಾರೆ. ಪಿಎಚ್‌ಪಿ ಮತ್ತು ಡೇಟಾಬೇಸಿನ ಸಂಬಂಧವೂ ಹಾಗೆಯೇ ಇದೆ. ಎರಡೂ ಬೇರೆ ಭಾಷೆಗಳು, ಎರಡಕ್ಕೂ ಬೇರೆ ವ್ಯಾಕರಣ, ಅಂದರೆ ಸಿಂಟ್ಯಾಕ್ಸ್. ಪಿಎಚ್‌ಪಿಯ ಕಣ್ಣಿಗೆ ಎಸ್‌ಕ್ಯೂಎಲ್ ಕ್ವೆರಿಯು, ಅಂದರೆ ಡೇಟಾಬೇಸಿನ ಭಾಷೆಯಲ್ಲಿ ಬರೆದ ಕೋರಿಕೆಯು, ಉದ್ಧರಣ ಚಿಹ್ನೆಗಳ ನಡುವಿನ ಒಂದಿಷ್ಟು ಅಕ್ಷರ ಮಾತ್ರ, ಅದರ ಅರ್ಥ ಅದಕ್ಕೆ ಗೊತ್ತಿಲ್ಲ. ಹೀಗಾಗಿ ತಪ್ಪಿನ ಸಂದೇಶ ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಇದನ್ನು ಹೇಳುತ್ತಿರುವವರು ಯಾರು ಎಂಬುದು: ಪಿಎಚ್‌ಪಿಯೋ, ಜೋಡಣೆಯೋ, ಡೇಟಾಬೇಸೋ? ಝ್ಯಾಂಪಿನ ದೊಡ್ಡ ಗುಣವೆಂದರೆ ಈ ಮೂವರ ಮಾತೂ ಒಂದೇ ಪರದೆಯ ಮೇಲೆ, ಏನನ್ನೂ ಮುಚ್ಚಿಡದೆ ಕಾಣಿಸುವುದು. ಅದರ ಪಿಎಚ್‌ಪಿ ಡಾಟ್ ಐಎನ್‌ಐ ಎಂಬ ಹೊಂದಿಕೆಗಳ ಕಡತದಲ್ಲಿ ಡಿಸ್‌ಪ್ಲೇ ಎರರ್ಸ್ ಎಂಬ ವ್ಯವಸ್ಥೆ ಮೊದಲಿನಿಂದಲೇ ಆನ್ ಆಗಿರುತ್ತದೆ. ಕಲಿಯುವವರಿಗೆ ಇದಕ್ಕಿಂತ ಉಪಕಾರಿಯಾದದ್ದು ಇನ್ನೊಂದಿಲ್ಲ.

ಪಿಎಚ್‌ಪಿಯ ಸ್ವಂತ ವ್ಯಾಕರಣದ ತಪ್ಪುಗಳಿಂದ ಆರಂಭಿಸೋಣ. ಜೋಡಣೆಯ ಕಡತದಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತವೆ: ಹೋಸ್ಟ್ (ಡೇಟಾಬೇಸ್ ಇರುವ ಕಂಪ್ಯೂಟರಿನ ಹೆಸರು), ಬಳಕೆದಾರ, ಪಾಸ್‌ವರ್ಡ್, ಡೇಟಾಬೇಸಿನ ಹೆಸರು. ಮೂರನೆಯ ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆಯನ್ನು ಅಳಿಸಿ ಪುಟ ತೆರೆದರೆ ‘ಪಾರ್ಸ್ ಎರರ್: ಸಿಂಟ್ಯಾಕ್ಸ್ ಎರರ್, ಅನ್‌ಎಕ್ಸ್‌ಪೆಕ್ಟೆಡ್ ವೇರಿಯಬಲ್’ ಎಂಬ ಸಂದೇಶ ಬರುತ್ತದೆ, ಆದರೆ ಅದು ತೋರಿಸುವುದು ನಾಲ್ಕನೆಯ ಸಾಲನ್ನು. ಮೂರನೆಯ ಸಾಲು ಮುಗಿದಿಲ್ಲವೆಂದು ಪಿಎಚ್‌ಪಿ ಮುಂದಕ್ಕೆ ಓದುತ್ತ ಹೋಗಿ, ಅಲ್ಲಿ ಬರಬಾರದ ಡಾಲರ್ ಚಿಹ್ನೆಯ ಹೆಸರೊಂದು (ಬೆಲೆಯನ್ನು ಹಿಡಿದಿಡುವ ವೇರಿಯಬಲ್) ಎದುರಾದಾಗಲೇ ಅದಕ್ಕೆ ತಪ್ಪಿನ ಅರಿವಾಗುತ್ತದೆ. ಸಂದೇಶ ಹೇಳಿದ ಸಾಲಿನಲ್ಲಿ ಏನೂ ಕಾಣದಿದ್ದರೆ ಅದರ ಮೇಲಿನ ಸಾಲನ್ನು ನೋಡಬೇಕು ಎಂಬುದನ್ನು ಹೊಸಬರು ಗಟ್ಟಿಮಾಡಿಕೊಳ್ಳಬೇಕು. ಬಾಗಿದ ಆವರಣವನ್ನು ಮುಚ್ಚದೆ ಬಿಟ್ಟಾಗ ಹಳೆಯ ಆವೃತ್ತಿಗಳು ಕಡತದ ಕೊನೆಯ ಸಾಲನ್ನು ತೋರಿಸಿ ಸುಮ್ಮನಾಗುತ್ತಿದ್ದವು. ಪಿಎಚ್‌ಪಿ 8 ಮಾತ್ರ ಯಾವ ಸಾಲಿನಲ್ಲಿ ತೆರೆದ ಆವರಣ ಮುಚ್ಚಿಲ್ಲ ಎಂದು ನೇರವಾಗಿ ಹೇಳುತ್ತದೆ. ಹಳೆಯ ಝ್ಯಾಂಪ್ ಇಟ್ಟುಕೊಂಡವರು ಹೊಸದಕ್ಕೆ ಹೋಗಲು ಇದೊಂದೇ ಕಾರಣ ಸಾಕು ಎಂಬುದು ನನ್ನ ಅಭಿಪ್ರಾಯ.

ಝ್ಯಾಂಪಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಶೆಲ್ ಎಂಬ ಗುಂಡಿಯಿದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಅದನ್ನು ಒತ್ತಿದಾಗ ತೆರೆಯುವ ಕಪ್ಪು ಕಿಟಕಿಯಲ್ಲಿ ಪಿಎಚ್‌ಪಿ ಎಂದು ಬರೆದು, ಒಂದು ಅಡ್ಡಗೆರೆ, ಸಣ್ಣ ಎಲ್ ಅಕ್ಷರ ಮತ್ತು ಕಡತದ ಹೆಸರನ್ನು ಕೊಟ್ಟರೆ ಸ್ಕ್ರಿಪ್ಟನ್ನು ಓಡಿಸದೆಯೇ ಅದರ ವ್ಯಾಕರಣವನ್ನಷ್ಟೇ ಪರೀಕ್ಷಿಸಿ ಹೇಳುತ್ತದೆ. ಬ್ರೌಸರನ್ನು ಮತ್ತೆ ಮತ್ತೆ ತೆರೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅದು ‘ನೋ ಸಿಂಟ್ಯಾಕ್ಸ್ ಎರರ್ಸ್ ಡಿಟೆಕ್ಟೆಡ್’ ಎಂದಾಗ ಪೂರ್ತಿ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಉದ್ಧರಣ ಚಿಹ್ನೆಯೊಳಗಿನ ಎಸ್‌ಕ್ಯೂಎಲ್ ಅದರ ಪರೀಕ್ಷೆಗೆ ಒಳಪಡುವುದಿಲ್ಲ. ಸೆಲೆಕ್ಟ್ ಎಂಬುದರ ಕಾಗುಣಿತವೇ ತಪ್ಪಿದ್ದರೂ ಅದು ಒಪ್ಪಿಗೆಯ ಮುದ್ರೆ ಒತ್ತುತ್ತದೆ.

ಇನ್ನೊಂದು ಉಪಾಯ ಎಲ್ಲೆಡೆ ಹರಿದಾಡುತ್ತಿದೆ: ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಐಎನ್‌ಐ ಸೆಟ್ ಎಂಬ ಆದೇಶ ಕೊಟ್ಟು ತಪ್ಪುಗಳು ಕಾಣುವಂತೆ ಮಾಡಿರಿ ಎಂಬುದು. ಅದೇ ಕಡತದಲ್ಲಿ ವ್ಯಾಕರಣದ ತಪ್ಪಿದ್ದರೆ ಈ ಉಪಾಯದಿಂದ ಏನೂ ಆಗದು. ಕಡತವನ್ನು ಪೂರ್ತಿ ಓದಿ ಅರ್ಥ ಮಾಡಿಕೊಂಡ ನಂತರವೇ ಪಿಎಚ್‌ಪಿ ಮೊದಲ ಸಾಲನ್ನು ಓಡಿಸುವುದರಿಂದ, ಓದುವ ಹಂತದಲ್ಲೇ ಸೋತ ಕಡತದ ಯಾವ ಆದೇಶವೂ ಜಾರಿಗೆ ಬರುವುದಿಲ್ಲ. ಝ್ಯಾಂಪಿನಲ್ಲಿ ತಪ್ಪು ತೋರಿಸುವ ವ್ಯವಸ್ಥೆ ಮೊದಲೇ ಆನ್ ಇರುವುದರಿಂದ ಈ ತೊಡಕು ಅಲ್ಲಿ ಕಾಣದು. ಹೋಸ್ಟಿಂಗಿನಲ್ಲಿ, ಅಂದರೆ ಜಾಲತಾಣವನ್ನು ಎಲ್ಲರಿಗೂ ಕಾಣುವಂತೆ ಏರಿಸುವ ಹೊರಗಿನ ಸರ್ವರಿನಲ್ಲಿ, ಬರೀ ಬಿಳಿ ಪುಟವೋ 500 ಎಂಬ ಅಂಕಿಯೋ ಕಂಡಾಗ ಜನ ಈ ಸಾಲನ್ನು ಸೇರಿಸಿ, ಅದು ಕೆಲಸ ಮಾಡುತ್ತಿಲ್ಲವಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಜೋಡಣೆಯ ಹಂತದ ತಪ್ಪುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಸಂದೇಶಗಳೇ ಸ್ಪಷ್ಟವಾಗಿವೆ. ತಪ್ಪಿನ ಸಂಖ್ಯೆ 1045 ಎಂದರೆ ಬಳಕೆದಾರನ ಹೆಸರು ಅಥವಾ ಪಾಸ್‌ವರ್ಡ್ ಹೊಂದುತ್ತಿಲ್ಲ. 1049 ಎಂದರೆ ಆ ಹೆಸರಿನ ಡೇಟಾಬೇಸೇ ಇಲ್ಲ. 2002 ಎಂದರೆ ಡೇಟಾಬೇಸ್ ಸರ್ವರ್ ಓಡುತ್ತಿಲ್ಲ ಅಥವಾ ಪೋರ್ಟ್ (ಸಂಪರ್ಕದ ಬಾಗಿಲು) 3306ರಲ್ಲಿ ಸಿಗುತ್ತಿಲ್ಲ. ಇವು ಯಾವುವೂ ಸಿಂಟ್ಯಾಕ್ಸ್ ದೋಷಗಳಲ್ಲ, ಸ್ಕ್ರಿಪ್ಟಿನ ಅರ್ಧವಿರಾಮ ಎಣಿಸುತ್ತ ಕೂರುವುದರಿಂದ ಬಗೆಹರಿಯುವಂಥವೂ ಅಲ್ಲ. ಜೋಡಣೆ ವಿಫಲವಾದಾಗ ಪಿಎಚ್‌ಪಿ ಯಾವ ಆದೇಶ ಯಾವ ಮಾಹಿತಿಯೊಡನೆ ಹೋಯಿತು ಎಂಬ ಜಾಡನ್ನೂ ಪರದೆಗೆ ತರುತ್ತದೆ. ಅದರಲ್ಲಿ ಪಾಸ್‌ವರ್ಡ್ ಬಯಲಾಗದಂತೆ ಮರೆಮಾಡುವ ವ್ಯವಸ್ಥೆ 8.2ರಲ್ಲಿ ಬಂದಿರುವುದು ಮೆಚ್ಚತಕ್ಕದ್ದು.

2002 ಎಂಬ ತಪ್ಪಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಕರೆಂಟ್ ಹೋಗಿ ಕಂಪ್ಯೂಟರ್ ಒಮ್ಮೆಲೇ ಬಂದ್ ಆದರೆ, ಮುಂದಿನ ಸಲ ಝ್ಯಾಂಪಿನ ಡೇಟಾಬೇಸ್ ಮೇಲೇಳದೆ ‘ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್‌ಲಿ’ ಎನ್ನುವುದುಂಟು (ಇಲ್ಲಿ ಮೈಎಸ್‌ಕ್ಯೂಎಲ್ ಎಂದರೆ ಅದೇ ಡೇಟಾಬೇಸ್). “ಸರ, ನಿನ್ನೆ ತನಕ ಚಲೋ ಇತ್ತು, ಇವತ್ತ ಯಾಕ ಏನೂ ಬರವಲ್ದು?” ಎಂಬ ಫೋನು ಬರುವುದು ಇಂಥ ಹೊತ್ತಿನಲ್ಲೇ. ಸ್ಕ್ರಿಪ್ಟಿನಲ್ಲಿ ಒಂದಕ್ಷರವೂ ಬದಲಾಗದಿರುವಾಗ ಸ್ಕ್ರಿಪ್ಟನ್ನು ತಿದ್ದಲು ಹೋಗಬಾರದು. ಕಂಟ್ರೋಲ್ ಪ್ಯಾನೆಲ್ಲಿನ ಲಾಗ್ಸ್ ಗುಂಡಿಯ ಮೂಲಕ ಮೈಎಸ್‌ಕ್ಯೂಎಲ್ ಎರರ್ ಲಾಗ್ ಕಡತವನ್ನು ತೆರೆದು ಕಾರಣ ಓದಬೇಕು. ಡೇಟಾ ಫೋಲ್ಡರಿನ ಐಬಿಡೇಟಾ1 ಎಂಬ ಕಡತವನ್ನು ಅಳಿಸಿಬಿಡಿ, ಸರಿಹೋಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಸರ್ವರೇನೋ ಏಳುತ್ತದೆ, ಆದರೆ ಇನ್ನೋಡಿಬಿ ಬಗೆಯ ಟೇಬಲ್ಲುಗಳು ತೆರೆಯದಂತಾಗುತ್ತವೆ. ಮೊದಲು ಇಡೀ ಡೇಟಾ ಫೋಲ್ಡರಿನ ಪ್ರತಿ ಮಾಡಿಟ್ಟುಕೊಳ್ಳದೆ ಅದಕ್ಕೆ ಕೈ ಹಚ್ಚಬಾರದು.

ಈಗ ಬಹಳ ಜನ ಸಿಕ್ಕಿಬೀಳುವ ಜಾಗಕ್ಕೆ ಬರೋಣ. ಡೇಟಾಬೇಸಿನ ವ್ಯಾಕರಣ ತಪ್ಪಿದಾಗ ಬರುವ ಸಂದೇಶದ ಸಂಖ್ಯೆ 1064. ನಿಮ್ಮ ಎಸ್‌ಕ್ಯೂಎಲ್ ಸಿಂಟ್ಯಾಕ್ಸಿನಲ್ಲಿ ದೋಷವಿದೆ, ನಿಮ್ಮ ಮರಿಯಾಡಿಬಿ ಆವೃತ್ತಿಯ ಕೈಪಿಡಿ ನೋಡಿರಿ ಎಂದು ಹೇಳಿ, ನಿಯರ್ ಎಂಬ ಪದದ ಮುಂದೆ ಕ್ವೆರಿಯ ಒಂದು ತುಣುಕನ್ನೂ, ಕೊನೆಯಲ್ಲಿ ‘ಅಟ್ ಲೈನ್ 1’ ಎಂಬುದನ್ನೂ ಅದು ತೋರಿಸುತ್ತದೆ. ಈ ಸಂದೇಶದಲ್ಲಿ ಎರಡು ಗೊಂದಲಗಳಿವೆ. ಝ್ಯಾಂಪ್ 2015ರಲ್ಲೇ ಮೈಎಸ್‌ಕ್ಯೂಎಲ್ಲನ್ನು ಬಿಟ್ಟು ಮರಿಯಾಡಿಬಿಗೆ ಬದಲಾಗಿದ್ದರೂ ಕಂಟ್ರೋಲ್ ಪ್ಯಾನೆಲ್ಲಿನ ಗುಂಡಿಯ ಮೇಲೆ ಇಂದಿಗೂ ಮೈಎಸ್‌ಕ್ಯೂಎಲ್ ಎಂದೇ ಬರೆದಿದೆ. ಆದ್ದರಿಂದ ಸಂದೇಶದಲ್ಲಿ ಮರಿಯಾಡಿಬಿ ಎಂದು ಕಂಡವರು ತಾವು ಹಾಕಿಕೊಳ್ಳದ ಇನ್ನಾವುದೋ ತಂತ್ರಾಂಶ ಬಂದು ಸೇರಿಕೊಂಡಿದೆ ಎಂದುಕೊಳ್ಳುತ್ತಾರೆ. ಎರಡನೆಯದು ಸಾಲಿನ ಸಂಖ್ಯೆ. ‘ಅಟ್ ಲೈನ್ 1’ ಎಂದರೆ ಕಡತದ ಮೊದಲ ಸಾಲಲ್ಲ, ಕ್ವೆರಿಯ ಮೊದಲ ಸಾಲು. ಪಿಎಚ್‌ಪಿ ಕಡತದ ಯಾವ ಸಾಲಿನಿಂದ ಆ ಕ್ವೆರಿ ಹೊರಟಿತು ಎಂಬುದನ್ನು ಅದೇ ಸಂದೇಶದ ಇನ್ನೊಂದು ಕಡೆ ಪಿಎಚ್‌ಪಿ ಬೇರೆಯಾಗಿ ಹೇಳಿರುತ್ತದೆ. ಒಂದೇ ಸಂದೇಶದಲ್ಲಿ ಎರಡು ಸಾಲು ಸಂಖ್ಯೆಗಳು, ಎರಡರ ಅರ್ಥ ಬೇರೆ. ಇದನ್ನು ಯಾವ ಪುಸ್ತಕವಾದರೂ ಮೊದಲ ಅಧ್ಯಾಯದಲ್ಲೇ ಹೇಳಬೇಕಿತ್ತು.

ನಿಯರ್ ಎಂಬುದರ ಮುಂದಿನ ತುಣುಕನ್ನು ಓದುವುದಕ್ಕೆ ಅಭ್ಯಾಸ ಬೇಕು. ಡೇಟಾಬೇಸ್ ಅಲ್ಲಿಂದ ಮುಂದೆ ಓದಲಾರದೆ ನಿಂತಿತು ಎಂಬುದಷ್ಟೇ ಅದರ ಅರ್ಥ. ತಪ್ಪು ಅಲ್ಲೇ ಇದೆ ಎಂದಲ್ಲ, ಬಹುಮಟ್ಟಿಗೆ ಅದರ ಹಿಂದಿರುತ್ತದೆ. ಬೆಳಗಾವಿ ಕಡೆಯ ಗಿರಾಕಿಗಳಲ್ಲಿ ಡಿ'ಸೋಜಾ ಎಂಬ ಅಡ್ಡಹೆಸರು ಅಪರೂಪವಲ್ಲ. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೇರವಾಗಿ ಕ್ವೆರಿಗೆ ಸೇರಿಸಿದರೆ, ಡಿ ಅಕ್ಷರದ ನಂತರದ ಒಂಟಿ ಉದ್ಧರಣ ಚಿಹ್ನೆಯನ್ನೇ ಹೆಸರಿನ ಅಂತ್ಯವೆಂದು ಡೇಟಾಬೇಸ್ ಭಾವಿಸುತ್ತದೆ. ಉಳಿದ ‘ಸೋಜಾ’ ಅದಕ್ಕೆ ಅರ್ಥವಾಗದ ಪದವಾಗಿ, ನಿಯರ್ ಎಂಬುದರ ಮುಂದೆ ಅದೇ ಬಂದು ನಿಲ್ಲುತ್ತದೆ. ಅಂಗಡಿಯವರ ಪಾಲಿಗೆ ಎಲ್ಲ ಗಿರಾಕಿಗಳ ಬಿಲ್ಲೂ ಆಗಿ ಒಬ್ಬರದು ಮಾತ್ರ ಆಗದ ವಿಚಿತ್ರ ಸ್ಥಿತಿ ಇದು. ಇದಕ್ಕೆ ಪರಿಹಾರ ಹೆಸರಿನ ಚಿಹ್ನೆಯನ್ನು ತೆಗೆಸುವುದಲ್ಲ. ಮಾಹಿತಿ ಬರುವ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು, ಮಾಹಿತಿಯನ್ನು ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ವಿಧಾನವೇ ಸರಿಯಾದದ್ದು. ಹೊರಗಿನವರು ಕ್ವೆರಿಯೊಳಗೆ ತಮ್ಮ ಆದೇಶ ತುರುಕುವ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿಯನ್ನೂ ಅದು ತಡೆಯುತ್ತದೆ. ಇದಕ್ಕೆ ಮೊದಲು ಪ್ರಿಪೇರ್, ಬೈಂಡ್, ಎಕ್ಸಿಕ್ಯೂಟ್ ಎಂದು ಮೂರು ಆದೇಶ ಬೇಕಿತ್ತು, ಪಿಎಚ್‌ಪಿ 8.2ರಲ್ಲಿ ಎಕ್ಸಿಕ್ಯೂಟ್ ಕ್ವೆರಿ ಎಂಬ ಒಂದೇ ಆದೇಶದಲ್ಲಿ ಮುಗಿಯುತ್ತದೆ. ಆ ಪ್ರಶ್ನಾರ್ಥಕ ಚಿಹ್ನೆಗೆ ಮತ್ತೆ ಉದ್ಧರಣ ಚಿಹ್ನೆ ತೊಡಿಸಬಾರದು, ಟೇಬಲ್ಲಿನ ಹೆಸರಿನ ಜಾಗದಲ್ಲಿ ಅದನ್ನು ಬಳಸಲೂ ಬಾರದು.

ಇದಕ್ಕಿಂತ ಕಿಲಾಡಿ ತಪ್ಪು ಉದ್ದದ ಕ್ವೆರಿಯನ್ನು ಎರಡು ಸಾಲಿನಲ್ಲಿ ಬರೆದು ಚುಕ್ಕಿಯಿಂದ ಜೋಡಿಸುವಾಗ ಆಗುತ್ತದೆ. ಮೊದಲ ತುಂಡು ‘ಸ್ಯಾರಿ’ ಎಂಬ ಟೇಬಲ್ಲಿನ ಹೆಸರಿನಿಂದ ಮುಗಿದು, ಎರಡನೆಯದು ‘ವೇರ್ ರೇಟ್ > 2000’ ಎಂದು ಶುರುವಾಗಿ, ನಡುವೆ ಖಾಲಿ ಜಾಗ ಬಿಡದಿದ್ದರೆ ‘ಸ್ಯಾರಿವೇರ್’ ಎಂಬ ಒಂದೇ ಪದವಾಗುತ್ತದೆ. ಡೇಟಾಬೇಸ್ ಅದನ್ನೇ ಟೇಬಲ್ಲಿನ ಹೆಸರೆಂದು ತಿಳಿದು, ಮುಂದಿನ ‘ರೇಟ್’ ಅನ್ನು ಅದರ ಅಡ್ಡಹೆಸರೆಂದು ಒಪ್ಪಿಕೊಂಡು, ‘> 2000’ ಬಂದಾಗ ಮಾತ್ರ ತಕರಾರು ಎತ್ತುತ್ತದೆ. ಸಂದೇಶ ನೋಡಿದವರು ಆ ಗುರುತಿನಲ್ಲೇ ಏನೋ ತಪ್ಪಿದೆ ಎಂದು ಅದನ್ನು ಬಗೆಬಗೆಯಾಗಿ ಬದಲಿಸುತ್ತ ಹೋಗುತ್ತಾರೆ. ನಿಯರ್ ಮುಂದಿನ ಜಾಗ ಖಾಲಿಯಾಗಿದ್ದರೆ ಕ್ವೆರಿ ಅರ್ಧಕ್ಕೇ ಮುಗಿದಿದೆ ಎಂದರ್ಥ. ಹೆಚ್ಚಿನ ಸಲ ಸಂಖ್ಯೆ ಬರಬೇಕಾದಲ್ಲಿ ಖಾಲಿ ವೇರಿಯಬಲ್ ಬಂದಿರುತ್ತದೆ, ಅಂದರೆ ಮೂಲ ತಪ್ಪು ಎಸ್‌ಕ್ಯೂಎಲ್ಲಿನಲ್ಲಿರದೆ ಫಾರ್ಮಿನಲ್ಲಿರುತ್ತದೆ.

ಪಿಎಚ್‌ಪಿಮೈಅಡ್ಮಿನ್ ತನ್ನ ಬೆಲೆ ತೋರಿಸುವುದು ಇಲ್ಲಿ. ಸ್ಕ್ರಿಪ್ಟಿನಲ್ಲಿ ಕ್ವೆರಿಯನ್ನು ಕಳಿಸುವ ಮುನ್ನ ಎಕೋ ಮಾಡಿ ಪರದೆಗೆ ತಂದು, ಹಾಗೆ ಬಂದದ್ದನ್ನೇ ನಕಲು ಮಾಡಿ ಎಸ್‌ಕ್ಯೂಎಲ್ ಟ್ಯಾಬಿನಲ್ಲಿ ಅಂಟಿಸಬೇಕು. ಕಡತದಲ್ಲಿ ಬರೆದ ರೂಪವನ್ನು ಅಂಟಿಸಿ ಪ್ರಯೋಜನವಿಲ್ಲ. ಸಂದೇಹವಿರುವ ಸಾಲಿನ ಪಕ್ಕ ಅದು ಕೆಂಪು ಗುರುತು ಹಾಕುತ್ತದೆ, ಪದಗಳಿಗೆ ಬಣ್ಣ ಕೊಡುತ್ತದೆ. ಹೀಗಾಗಿ ‘ಸ್ಯಾರಿವೇರ್’ ಎಂಬಲ್ಲಿ ವೇರ್ ಪದಕ್ಕೆ ಬರಬೇಕಾದ ಬಣ್ಣ ಬಾರದೆ ಇದ್ದದ್ದು ಕಣ್ಣಿಗೆ ಬೀಳುತ್ತದೆ. ಸರಿಪಡಿಸಿದ ಕ್ವೆರಿಯನ್ನು ಪಿಎಚ್‌ಪಿಯ ಸಾಲಾಗಿ ಮಾಡಿಕೊಡುವ ಸೌಲಭ್ಯವೂ ಇದೆ. ಆದರೆ ಆ ಕೆಂಪು ಗುರುತು ಪಿಎಚ್‌ಪಿಮೈಅಡ್ಮಿನ್‌ನ ಸ್ವಂತ ತೀರ್ಮಾನ, ಡೇಟಾಬೇಸಿನದಲ್ಲ. ಕೆಲವೊಮ್ಮೆ ಸರಿಯಾದ ಕ್ವೆರಿಗೂ ಅದು ಗುರುತು ಹಾಕುವುದರಿಂದ ಗೋ ಒತ್ತಿದ ಮೇಲೆ ಬರುವ ಉತ್ತರವನ್ನೇ ನಂಬಬೇಕು.

1064 ಬರಬಹುದೆಂದು ನಾನು ಕಾದಿದ್ದ ಒಂದೆರಡು ಕಡೆ 1054 ಬಂದದ್ದು ಗಮನಿಸತಕ್ಕದ್ದು. ಪಿಎಚ್‌ಪಿಯಲ್ಲಿ ಒಂಟಿ ಉದ್ಧರಣ ಚಿಹ್ನೆಯೊಳಗೆ ವೇರಿಯಬಲ್ ಬರೆದರೆ ಅದರ ಬೆಲೆ ತುಂಬುವುದಿಲ್ಲ, ಡಾಲರ್ ಚಿಹ್ನೆಯ ಸಮೇತ ಹಾಗೆಯೇ ಡೇಟಾಬೇಸಿಗೆ ಹೋಗುತ್ತದೆ. ಡೇಟಾಬೇಸ್ ಅದನ್ನು ಕಾಲಂ ಹೆಸರೆಂದುಕೊಂಡು ಅಂಥ ಕಾಲಂ ಇಲ್ಲ ಎನ್ನುತ್ತದೆ. ಗೋಮಿ ಎಂಬ ಪದವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೂ ಅದೇ ಉತ್ತರ. ಕಾಲಂ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಬಾರದು, ಬೇಕಿದ್ದರೆ ಕೀಬೋರ್ಡಿನ ಎಡ ಮೂಲೆಯ, ಎಸ್ಕೇಪ್ ಕೀಲಿಯ ಕೆಳಗಿನ ಬ್ಯಾಕ್‌ಟಿಕ್ ಬಳಸಬೇಕು. ಆರ್ಡರ್, ಗ್ರೂಪ್, ಕೀ, ಡೆಸ್ಕ್ (DESC) ಮುಂತಾದ ಮೀಸಲು ಪದಗಳನ್ನು ಕಾಲಂ ಹೆಸರಾಗಿ ಇಟ್ಟವರಿಗೆ ಅದು ಅನಿವಾರ್ಯ. ಹಾಗೆ ಹೆಸರಿಡದಿರುವುದೇ ಕ್ಷೇಮ.

ಕನ್ನಡ ಟೈಪ್ ಮಾಡುವವರ ಪಾಡು ಬೇರೆಯೇ ಇದೆ. ಒಂದೇ ಕಿಟಕಿಯಲ್ಲಿ ಕೋಡನ್ನೂ ಕನ್ನಡ ಮಾಹಿತಿಯನ್ನೂ ಬರೆಯುವಾಗ ಅರ್ಕಾವತ್ತು, ಅರ್ಧಾಕ್ಷರಗಳಿಗಾಗಿ ಬಳಸುವ ಕಣ್ಣಿಗೆ ಕಾಣದ ಸಂಕೇತಗಳು ಕೋಡಿನೊಳಗೆ ಉಳಿದುಬಿಡುತ್ತವೆ. ಪಿಎಚ್‌ಪಿ ಇವನ್ನು ತಪ್ಪೆನ್ನದೆ ವೇರಿಯಬಲ್ ಹೆಸರಿನ ಭಾಗವೆಂದೇ ಸ್ವೀಕರಿಸುತ್ತದೆ. ಪರಿಣಾಮವಾಗಿ ಜೋಡಣೆಯ ವೇರಿಯಬಲ್ಲನ್ನು ಮೇಲಿನ ಸಾಲಿನಲ್ಲಿ ಕೊಟ್ಟಿದ್ದರೂ ಕೆಳಗಿನ ಸಾಲಿನಲ್ಲಿ ಆ ವೇರಿಯಬಲ್ ಇಲ್ಲವೇ ಇಲ್ಲ ಎಂಬ ಸಂದೇಶ ಬರುತ್ತದೆ. ಎರಡು ಹೆಸರೂ ನೋಡಲು ಒಂದೇ. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಆ ಹೆಸರನ್ನು ಅಳಿಸಿ ಇಂಗ್ಲಿಷ್ ಕೀಲಿಮಣೆಯಲ್ಲಿ ಹೊಸದಾಗಿ ಬರೆಯುವುದೇ ಬೇಗನೆ ಆಗುವ ಪರಿಹಾರ. ಪೋರ್ಟಿನ ಜಾಗದಲ್ಲಿ ೩೩೦೬ ಎಂದು ಕನ್ನಡ ಅಂಕಿ ಬಿದ್ದರೂ ಅದು ಸಂಖ್ಯೆಯಾಗುವುದಿಲ್ಲ. ವರ್ಡ್ ಕಡತದಿಂದ ನಕಲು ಮಾಡಿದ ಬಾಗಿದ ಉದ್ಧರಣ ಚಿಹ್ನೆಗಳದೂ ಇದೇ ಕಥೆ: ಪಿಎಚ್‌ಪಿ 8 ‘ಅನ್‌ಡಿಫೈನ್ಡ್ ಕಾನ್‌ಸ್ಟಂಟ್’ ಎಂದು ನಿಂತುಬಿಡುತ್ತದೆ, ಆದರೆ 7ರ ಸಾಲಿನ ಆವೃತ್ತಿಗಳು ಬರೀ ಎಚ್ಚರಿಕೆ ಕೊಟ್ಟು, ಚಿಹ್ನೆಗಳ ಸಮೇತ ಅದನ್ನೇ ಹೋಸ್ಟಿನ ಹೆಸರೆಂದು ಹಿಡಿದು ಹುಡುಕಲು ಹೊರಡುತ್ತಿದ್ದವು.

ಮಾಹಿತಿಯೇ ಕನ್ನಡದಲ್ಲಿದ್ದರೆ ಯೂನಿಕೋಡಿನಲ್ಲಿರುವುದು ಅವಶ್ಯ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ದರಪಟ್ಟಿಯನ್ನು ಹಾಗೆಯೇ ತುಂಬಿದರೆ ಡೇಟಾಬೇಸಿನಲ್ಲಿ ಉಳಿಯುವುದು ಯುರೋಪಿಯನ್ ಅಕ್ಷರಗಳ ಸಂತೆ, ಮೊದಲು ಪರಿವರ್ತಿಸಿಕೊಳ್ಳಬೇಕು. ಜೋಡಣೆಯಾದ ಮರುಸಾಲಿನಲ್ಲೇ ಅಕ್ಷರ ವ್ಯವಸ್ಥೆಯನ್ನು ಯುಟಿಎಫ್8ಎಂಬಿ4 ಎಂದು ಗೊತ್ತುಮಾಡಬೇಕು. ಜಾಲಪುಟದಲ್ಲಿ ಬರೆಯುವಂತೆ ನಡುವೆ ಅಡ್ಡಗೆರೆ ಹಾಕಿದರೆ ಡೇಟಾಬೇಸ್ ಒಪ್ಪುವುದಿಲ್ಲ. ಈ ಪರೀಕ್ಷೆಯಲ್ಲಿ ಝ್ಯಾಂಪ್ ಚಿಕ್ಕಿಪರಾಸ್, ಟೋಪ್ ತೆನಿ ಎಂಬ ಪದಗಳನ್ನು ಒಂದು ಗುಣಿತಾಕ್ಷರವೂ ಕೆಡದಂತೆ ಬರೆದು ಓದಿತು.

ಇನ್ನು ಆಕ್ಷೇಪಣೆಗಳು. ಝ್ಯಾಂಪಿನ ಡೇಟಾಬೇಸಿನಲ್ಲಿ ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರನಿಗೆ ಪಾಸ್‌ವರ್ಡೇ ಇರುವುದಿಲ್ಲ. ಇದು ಕಲಿಕೆಗೆ ಮಾತ್ರ, ಸಾರ್ವಜನಿಕ ಬಳಕೆಗಲ್ಲ ಎಂದು ತಯಾರಕರೇ ಹೇಳಿದ್ದಾರೆ, ಆ ಮಟ್ಟಿಗೆ ತಕರಾರಿಲ್ಲ. ನನ್ನ ತಕರಾರು ಬೇರೆ: ಹೋಸ್ಟಿಂಗಿಗೆ ಹೋದಾಗ ತಪ್ಪಾಗುವ ಎಷ್ಟೋ ಸಂಗತಿಗಳನ್ನು ಝ್ಯಾಂಪ್ ತುಟಿ ಬಿಚ್ಚದೆ ಒಪ್ಪಿಕೊಳ್ಳುತ್ತದೆ. ವಿಂಡೋಸಿನಲ್ಲಿ ಟೇಬಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನು ಅದು ಎಣಿಸುವುದಿಲ್ಲ. ಲಿನಕ್ಸ್ ಹೋಸ್ಟಿಂಗಿನಲ್ಲಿ ಅದೇ ಭೇದದಿಂದ 1146, ಅಂದರೆ ಟೇಬಲ್ ಇಲ್ಲ ಎಂಬ ಉತ್ತರ ಬರುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಮೀಸಲು ಪದಗಳ ವಿಷಯ. ಸೀರೆಯ ದರ್ಜೆಗಾಗಿ ರ‍್ಯಾಂಕ್ ಎಂದು ಕಾಲಂ ಹೆಸರಿಟ್ಟರೆ ಝ್ಯಾಂಪಿನ ಮರಿಯಾಡಿಬಿ ಒಪ್ಪುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲಿ ಅದು ಮೀಸಲು ಪದವಾದ್ದರಿಂದ, ಬ್ಯಾಕ್‌ಟಿಕ್ ಇಲ್ಲದಿದ್ದರೆ ಅದೇ ಸ್ಕ್ರಿಪ್ಟ್ ಅಲ್ಲಿ 1064 ಕೊಡುತ್ತದೆ. ಇಲ್ಲಿ ಸಾಲು ಸಾಲಾಗಿ ಪರೀಕ್ಷಿಸಿ ಸರಿಯೆಂದುಕೊಂಡದ್ದು ಅಲ್ಲಿ ವ್ಯಾಕರಣ ದೋಷವಾಗುತ್ತದೆ ಎಂದರೆ ಹೊಸಬರು ನಂಬುವುದೇ ಇಲ್ಲ. ಗುಂಡಿಯ ಮೇಲಿನ ಹೆಸರನ್ನು ಬದಲಿಸದಿರುವುದು ಸಣ್ಣ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಹಳೆಯ ಪಾಠಗಳನ್ನು ಹಿಡಿದು ಕೂರುವವರಿಗೂ ಝ್ಯಾಂಪಿನ ಈ ಆವೃತ್ತಿ ಹೊಂದುವುದಿಲ್ಲ. ಹಿಂದಿನ ಮೈಎಸ್‌ಕ್ಯೂಎಲ್ ಕನೆಕ್ಟ್ ಆದೇಶವನ್ನು 2015ರ ಕೊನೆಗೆ ಬಂದ ಪಿಎಚ್‌ಪಿ 7.0ರಲ್ಲೇ ಕಿತ್ತುಹಾಕಲಾಗಿದೆ. ಅದರ ಬದಲಿಗೆ ಬಂದ ಮೈಎಸ್‌ಕ್ಯೂಎಲ್‌ಐ ಕ್ವೆರಿ ಆದೇಶದಲ್ಲಿ ಜೋಡಣೆಯ ವೇರಿಯಬಲ್ ಮೊದಲು, ಕ್ವೆರಿ ಆಮೇಲೆ. ಹಳೆಯದರಲ್ಲಿ ಕ್ರಮ ತಿರುವುಮುರುವಾಗಿತ್ತು. ಹೀಗಾಗಿ ಹೆಸರಿಗೆ ಐ ಅಕ್ಷರವೊಂದನ್ನು ಸೇರಿಸಿದ ಮಾತ್ರಕ್ಕೆ ಹಳೆಯ ಸ್ಕ್ರಿಪ್ಟ್ ಓಡುವುದಿಲ್ಲ. ಪಿಎಚ್‌ಪಿ 8.1ರಿಂದ ಈಚೆಗೆ ಡೇಟಾಬೇಸಿನ ತಪ್ಪುಗಳು ತಾವಾಗಿಯೇ ಎಕ್ಸೆಪ್ಶನ್ (ಸ್ಕ್ರಿಪ್ಟನ್ನು ಅಲ್ಲೇ ತಡೆಯುವ ತಪ್ಪು) ಆಗಿ ಹೊರಬೀಳುವುದರಿಂದ, ಕ್ವೆರಿಯ ಕೊನೆಗೆ ‘ಆರ್ ಡೈ’ ಎಂದು ಬರೆಯುವ ಹಳೆಯ ರೂಢಿಯ ಭಾಗದವರೆಗೆ ಸ್ಕ್ರಿಪ್ಟ್ ತಲುಪುವುದೇ ಇಲ್ಲ. ಬದಲಾವಣೆ ಒಳ್ಳೆಯದಕ್ಕೇ ಆಗಿದೆ: ಮೊದಲು ತಪ್ಪಾದ ಕ್ವೆರಿ ಸದ್ದಿಲ್ಲದೆ ಫಾಲ್ಸ್ ಎಂಬ ಬೆಲೆ ಕೊಟ್ಟು, ಮುಂದಿನ ಇನ್ನಾವುದೋ ಸಾಲಿನಲ್ಲಿ ಫೆಚ್ ಆಗಲಿಲ್ಲ ಎಂಬ ಸಂಬಂಧವಿಲ್ಲದ ದೂರು ಬರುತ್ತಿತ್ತು.

ಬದಲಿಗಳ ಪೈಕಿ ವ್ಯಾಂಪ್‌ಸರ್ವರ್ ಮತ್ತು ಲಾರಗಾನ್ ವಿಂಡೋಸಿಗಷ್ಟೇ ಸಿಗುತ್ತವೆ. ವ್ಯಾಂಪ್‌ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಎರಡನ್ನೂ ಇಟ್ಟುಕೊಂಡು ಬದಲಿಸುವ ಅನುಕೂಲವಿರುವುದರಿಂದ, ಹೋಸ್ಟಿಂಗಿಗೆ ಕಳಿಸುವ ಮುನ್ನಿನ ಪರೀಕ್ಷೆಗೆ ಅದು ಮೇಲು. ಮೊದಲ ಸಲ ಕಲಿಯುವವರಿಗೆ ನಾನು ಈಗಲೂ ಝ್ಯಾಂಪನ್ನೇ ಹೇಳುತ್ತೇನೆ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಗಿರಾಕಿಗಳ ಸ್ಕ್ರಿಪ್ಟ್ ಬರೆದುಕೊಡುವವರಿಗಾದರೆ ಮೂರೇ. ಅಂಥವರು ಕೆಲಸ ಹಿಡಿಯುವ ಮೊದಲ ದಿನವೇ ಹೋಸ್ಟಿಂಗಿನ ಪಿಎಚ್‌ಪಿಮೈಅಡ್ಮಿನ್ ತೆರೆದು ‘ಸೆಲೆಕ್ಟ್ ವರ್ಷನ್()’ ಎಂಬ ಕ್ವೆರಿಯನ್ನು ಓಡಿಸಿ, ಅಲ್ಲಿರುವುದು ಮೈಎಸ್‌ಕ್ಯೂಎಲ್ಲೋ ಮರಿಯಾಡಿಬಿಯೋ, ಯಾವ ಆವೃತ್ತಿ ಎಂಬುದನ್ನು ಬರೆದಿಟ್ಟುಕೊಂಡು, ಟೇಬಲ್ಲುಗಳಿಗೆಲ್ಲ ಸಣ್ಣಕ್ಷರದ ಹೆಸರನ್ನೇ ಇಡುವುದು ಒಳ್ಳೆಯದು.